ಮಾತೆ ಮರಿಯಳ ಚರ್ಚ್, ಎಫೆಸಸ್ (ಟರ್ಕಿ)

ಸೆಲ್ಸಸ್ ಗ್ರಂಥಾಲಯ, ದೊಡ್ಡ ರಂಗಮಂದಿರ ನೋಡಿದ ಗುಂಪುಗಳು ಅಲ್ಲಿಂದಲೇ ಹಿಂದಿರುಗುವುದು ಹೆಚ್ಚು. ನಿಮ್ಮದೇ ಮಾರ್ಗದರ್ಶಿ ಜೊತೆಗಿದ್ದರೆ ಇಲ್ಲಿ ನಿಧಾನವಾಗಿ ನಿಂತು ನೋಡಿ.

ರೋಮನ್ನರ ಕಾಲದ ಕಂಬಸಾಲಿನ ಮಂಟಪದೊಳಗೇ ಕಟ್ಟಿದ ಚರ್ಚ್ ಇದು. ಅದಕ್ಕೇ ಇಷ್ಟು ಉದ್ದ, ಇಷ್ಟು ಕಿರಿದು. ಕ್ರಿ.ಶ. 431ರಲ್ಲಿ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ಕರೆದ ಬಿಷಪ್ಪರ ಮಹಾಸಭೆ ಎಫೆಸಸ್‌ನ ಮರಿಯಳ ಚರ್ಚಿನಲ್ಲಿ ಸೇರಿತು. ಮರಿಯಳನ್ನು ‘ದೇವಮಾತೆ’ ಎನ್ನಬಹುದೇ ಎಂಬುದೇ ಅಲ್ಲಿನ ದೊಡ್ಡ ವಾದ. ಸಭೆ ಹೌದೆಂದಿತು, ಒಪ್ಪದ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್ ಪದವಿ ಕಳೆದುಕೊಂಡರು.

ಉತ್ತರ ಬದಿಯ ದೀಕ್ಷಾಸ್ನಾನದ ಕೋಣೆಯನ್ನು ಮರೆಯದೆ ನೋಡಿ. ನೆಲದಲ್ಲಿ ತೋಡಿದ ಕೊಳ, ಎರಡೂ ಕಡೆ ಮೆಟ್ಟಿಲು. ದೀಕ್ಷೆ ಪಡೆಯುವವರು ಒಂದು ಕಡೆಯಿಂದ ನೀರಿಗಿಳಿದು ಇನ್ನೊಂದು ಕಡೆಯಿಂದ ಹತ್ತಿ ಬರುತ್ತಿದ್ದರು. ದಯವಿಟ್ಟು ಮೆಟ್ಟಿಲುಗಳ ಮೇಲೆ ಕಾಲಿಡಬೇಡಿ.