ಬೆರಕೆ ಎಂದರೆ ಕೀಳೇ?



ಜೀಡಿಮೆಟ್ಲಾದಲ್ಲಿ ನಾವು ಆಡುವ ಕನ್ನಡವನ್ನು ಊರಿನಿಂದ ಬಂದ ನೆಂಟರು ಕೇಳಿದರೆ ಏನೆನ್ನುತ್ತಾರೆ? "ಇದೆಂಥಾ ಬೆರಕೆ ಭಾಷೆ ನಿಮ್ಮದು!" ಎಂದು ನಗುತ್ತಾರೆ. ಒಂದಿಷ್ಟು ತೆಲುಗು, ಒಂದಿಷ್ಟು ದಖ್ಖನಿ ಸೇರಿದೆ, ನಿಜ. ಆದರೆ ಬೆರಕೆ ಎಂದರೆ ಕೀಳೇ? ಇದಕ್ಕೆ ಉತ್ತರವಾಗಿ ಈ ಸಲ ಒಂದು ಕೆಂಪು ವೈನಿನ ಚರಿತ್ರೆ ಹೇಳುತ್ತೇನೆ. ಕುಡಿಯುವವರೂ ಕುಡಿಯದವರೂ ಓದಬಹುದು!

ಇಟಲಿಯ ಟಸ್ಕನಿ ಪ್ರಾಂತ್ಯದ ಹೆಮ್ಮೆಯ ದ್ರಾಕ್ಷಿ ಸಾಂಜೊವೇಸೆ. ಅಲ್ಲಿಯ ಕೆಂಪು ವೈನಿಗೆ ಅದೇ ಮುಖ್ಯ ದ್ರಾಕ್ಷಿ ಎಂಬುದು ಹಳೆಯ ರೂಢಿ. ಅದೇ ಪ್ರಾಂತ್ಯದ ಕರಾವಳಿಯಲ್ಲಿ ಬೋಲ್ಗೆರಿ ಎಂಬ ಹಳ್ಳಿಯಿದೆ. 1940ರ ದಶಕದಲ್ಲಿ ಅಲ್ಲಿಯ ಜಮೀನುದಾರ ಮಾರಿಯೋ ಇನ್ಚೀಸಾ ತಮ್ಮ ತೋಟದಲ್ಲಿ ಫ್ರಾನ್ಸಿನ ಕ್ಯಾಬರ್ನೆ ಬಳ್ಳಿಗಳನ್ನು ನೆಟ್ಟರು. ಆ ವೈನ್ ಸುಮಾರು ಎರಡು ದಶಕ ಮನೆಯವರ ಊಟದ ಮೇಜು ಬಿಟ್ಟು ಹೊರಗೆ ಹೋಗಲಿಲ್ಲ. 1968ರ ಸುಗ್ಗಿಯದು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಅದೇ ಸಾಸಿಕಾಯಾ.

ಕಾನೂನಿನ ಪಟ್ಟಿಯಲ್ಲಿ ಇಂಥ ವೈನಿಗೆ ಜಾಗವೇ ಇರಲಿಲ್ಲ. ಹಾಗಾಗಿ ಬಾಟಲಿಯ ಮೇಲೆ ಎಲ್ಲಕ್ಕಿಂತ ಕೆಳಗಿನ ದರ್ಜೆ, ಬರೀ 'ಟೇಬಲ್ ವೈನ್'! ಆದರೆ 1978ರಲ್ಲಿ ಲಂಡನ್ನಿನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ, ಹಲವು ದೇಶಗಳ ಕ್ಯಾಬರ್ನೆಗಳನ್ನು ಹಿಂದಿಕ್ಕಿ ಗೆದ್ದದ್ದು ಇದೇ. ಕಾನೂನು ಅದಕ್ಕೆ ತಕ್ಕ ಸ್ಥಾನ ಕೊಡಲು 1994 ಬರಬೇಕಾಯಿತು.

1970ರ ದಶಕದಲ್ಲಿ ಇವರ ನೆಂಟರೇ ಆದ ಆಂತಿನೋರಿ ಮನೆತನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಥಳೀಯ ಸಾಂಜೊವೇಸೆಗೆ ಹೊರಗಿನ ಕ್ಯಾಬರ್ನೆ ಬೆರೆಸಿತು. ಸಾಂಜೊವೇಸೆಗೆ ಚುರುಕಾದ ಹುಳಿ, ಕ್ಯಾಬರ್ನೆಗೆ ಗಾಢ ಬಣ್ಣ ಮತ್ತು ಒಗರು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ಇಂಥವನ್ನೇ ಜಗತ್ತು ಮುಂದೆ 'ಸೂಪರ್ ಟಸ್ಕನ್' ಎಂದು ಕರೆಯಿತು.

ಇಟಲಿಯ ಕಥೆ ನಮಗೇಕೆ ಅಂತೀರಾ? ಅದೇ ಜೋಡಿ ನಮ್ಮ ಪಕ್ಕಕ್ಕೂ ಬಂದಿದೆ. ಕನ್ನಡ ಮನೆಮಾತಾಗಿರುವ ಕುಟುಂಬಗಳು ಎಷ್ಟೋ ಇರುವ ಸೊಲ್ಲಾಪುರ ಜಿಲ್ಲೆಯಲ್ಲಿ ಅಕಲೂಜ್ ಎಂಬ ಊರಿದೆ. ಅಲ್ಲಿ ಭಾರತದ ಮತ್ತು ಇಟಲಿಯ ಕುಟುಂಬಗಳು ಸೇರಿ ಫ್ರಾಟೆಲ್ಲಿ ಕಟ್ಟಿದವು. ಇಟಾಲಿಯನ್‌ನಲ್ಲಿ ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಟಸ್ಕನಿಯ ಪಿಯೆರೋ ಮಾಸಿ ಅಲ್ಲಿ ರೂಪಿಸಿದ 'ಸೆಟ್ಟೆ' ಎಂಬ ಕೆಂಪು ವೈನ್ ಸಾಂಜೊವೇಸೆ, ಕ್ಯಾಬರ್ನೆಗಳ ಬೆರಕೆಯೇ.

ಇನ್ನು ನಮ್ಮ ಜೀಡಿಮೆಟ್ಲಾಕ್ಕೆ ಬರೋಣ. ಇಲ್ಲಿ ಘಟಕವಿರುವ ಔಷಧ ಕಂಪನಿ ಗ್ರ್ಯಾನ್ಯೂಲ್ಸ್ ಇಂಡಿಯಾ ನಿಮಗೆ ಗೊತ್ತಿರಬಹುದು. ಅದನ್ನು ಕಟ್ಟಿದ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಪತ್ನಿ ಉಮಾ ದ್ರಾಕ್ಷಿಗೆಂದು ಮಣ್ಣು ಹುಡುಕಿಕೊಂಡು ಹೋಗಿದ್ದು ಎಲ್ಲಿಗೆ? ನಮ್ಮ ಕೊಪ್ಪಳ ಜಿಲ್ಲೆಗೆ! ಇಬ್ಬರ ಹೆಸರೂ ಬೆರೆತು ತೋಟದ ಹೆಸರು 'ಕೃಸ್ಮಾ' ಆಯಿತು. ಕ್ಯಾಬರ್ನೆ, ಸಾಂಜೊವೇಸೆ ಎರಡೂ ಅಲ್ಲಿ ಬೆಳೆದಿವೆ. 1956ರವರೆಗೆ ಕೊಪ್ಪಳ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು ಎಂಬುದನ್ನೂ ನೆನಪಿಡಿ.

ಆ ಸೀಮೆಗೆ ದ್ರಾಕ್ಷಿ ಹೊಸದೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಪೇಟೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ ಸಿಗುತ್ತಿತ್ತೆಂದು ಬರೆದಿಟ್ಟಿದ್ದಾನೆ. ಹೈದರಾಬಾದಿನದೇ ಎನಿಸಿಕೊಂಡ ಅನಾಬ್-ಎ-ಶಾಹಿ ಕೂಡ ಹೊರಗಿನಿಂದ ಬಂದದ್ದೇ. 1890ರ ಸುಮಾರಿಗೆ ಅಬ್ದುಲ್ ಬಾಖರ್ ಖಾನ್ ಅದನ್ನು ಇಲ್ಲಿಗೆ ತಂದರು. ಒಂದು ಕಾಲದಲ್ಲಿ ಈ ನಗರದ ಸುತ್ತ ಹಬ್ಬಿದ್ದ ಆ ತೋಟಗಳಲ್ಲಿ ಎಷ್ಟೋ ಇಂದು ಲೇಔಟುಗಳಾಗಿವೆ. ಹೊರಗಿನದನ್ನು ನಮ್ಮದು ಮಾಡಿಕೊಳ್ಳಲು ಬಂದ ನಮಗೆ, ಮಾಡಿಕೊಂಡದ್ದನ್ನು ಉಳಿಸಿಕೊಳ್ಳಲು ಬರಲಿಲ್ಲ.

ನಮ್ಮ ಮನೆಮಾತಿಗೂ ಇದೇ ಗತಿ ಬರದಿರಲಿ. ಮಕ್ಕಳು ತೆಲುಗು ಬೆರೆಸಿ ಕನ್ನಡ ಆಡಿದರೆ ಗದರಿಸಿ ಬಾಯಿ ಮುಚ್ಚಿಸಬೇಡಿ, ಆಡಲಿ ಬಿಡಿ. ಸಾಂಜೊವೇಸೆಯೂ ಬೆರೆತಿತೇ ಹೊರತು ಬಳ್ಳಿಯನ್ನು ಯಾರೂ ಕಿತ್ತು ಹಾಕಲಿಲ್ಲ.