ಮಾಸಾಶನ ಮತ್ತು ಗುಳಿಗೆ: ಬಡ ವೃದ್ಧರ ಔಷಧ ವೆಚ್ಚಕ್ಕೆ ಸರ್ಕಾರದ ನೆರವು

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯಂಥ ಹಳ್ಳಿಗಳಲ್ಲಿ ದುಡಿಮೆ ನಿಂತ ಬಡ ಹಿರಿಯರು ನೆಚ್ಚಿಕೊಳ್ಳುವ ನಗದು ಎಂದರೆ ಮಾಸಾಶನ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತ 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿತು. ದಿನಕ್ಕೆ 40 ರೂಪಾಯಿ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗೆ ಅದರಲ್ಲಿ 10 ರೂಪಾಯಿ ಹೋದರೂ ಕಾಲು ಪಾಲು ಔಷಧ ಅಂಗಡಿಗೆ ಸಂದಂತೆ. ಆಸ್ಪತ್ರೆಯ ಹಾಸಿಗೆಗೆ ಧಾರಾಳವಾದ ಸರ್ಕಾರದ ಕೈ ನಿತ್ಯದ ಗುಳಿಗೆಗೆ ಬಿಗಿಯಾಗಿದೆ ಎಂಬುದು ಈ ಲೇಖನದ ವಾದ.

2018ರ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುತ್ತದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಿತು. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಔಷಧಕ್ಕೆ ಸಿಗುವ ರಕ್ಷಣೆ 15 ದಿನ ಮಾತ್ರ. ಪಾರ್ಶ್ವವಾಯು ಬಡಿದರೆ ನೆರವುಂಟು. ಅದನ್ನು ತಡೆಯುವ ನಿತ್ಯದ ಗುಳಿಗೆಗೆ ಈ ಯೋಜನೆಯ ನೆರವಿಲ್ಲ. ಇದಕ್ಕೆ ಹೋಲಿಸಿದರೆ, ಅಮೆರಿಕದಲ್ಲಿ ಕಡಿಮೆ ಆದಾಯದ ವೃದ್ಧರ ಔಷಧ ವೆಚ್ಚಕ್ಕೆಂದೇ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಪ್ರತ್ಯೇಕ ಸಹಾಯಧನವಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಉಚಿತ ಎಂಬುದು ನಿಜ. ದಾಸ್ತಾನು ಇಲ್ಲದ ದಿನ ಮಾತ್ರ ಚೀಟಿ ಹೊರಗಿನ ಅಂಗಡಿಗೆ ಹೋಗುತ್ತದೆ. ಅಲ್ಲಿ ಕಾಸು ಸಾಲದವರು ಹತ್ತು ಗುಳಿಗೆಯ ಪಟ್ಟಿಯಲ್ಲಿ ನಾಲ್ಕನ್ನು ಕತ್ತರಿಸಿ ಕೊಡಿ ಎನ್ನುತ್ತಾರೆ. ಹಾಗೆ ಕತ್ತರಿಸಿದ ತುಂಡಿನಲ್ಲಿ ಎಷ್ಟೋ ಸಲ ಔಷಧದ ಹೆಸರೂ ಇರುವುದಿಲ್ಲ, ಅವಧಿ ಮುಗಿಯುವ ದಿನಾಂಕವೂ ಇರುವುದಿಲ್ಲ. ರಕ್ತದೊತ್ತಡಕ್ಕೆ ನೋವಿಲ್ಲ, ಆದ್ದರಿಂದ ನಾಲ್ಕು ಮುಗಿದ ಮೇಲೆ ಐದನೆಯದು ಬೇಕೆಂದು ಮೈ ಕೇಳುವುದಿಲ್ಲ. ಅಪಾಯ ಇರುವುದೇ ಇಲ್ಲಿ.

ಅಗ್ಗದ ಜನೌಷಧಿ ಅಂಗಡಿಗಳು ಈ ಹೊರೆಯನ್ನು ನಿಜವಾಗಿಯೂ ಇಳಿಸಿವೆ. ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ಸಿಗಬೇಕು ಎಂಬ ಕಾರಣ ನೀಡಿ, ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ತಡೆ ನೀಡಿತು. ತತ್ವವಾಗಿ ಸರ್ಕಾರದ ಮಾತು ಸರಿಯೇ. ಆದರೆ ಉಚಿತ ದಾಸ್ತಾನು ತಪ್ಪದೆ ಬರುವ ಮುನ್ನ ಅಗ್ಗದ ಬಾಗಿಲನ್ನು ಮುಚ್ಚಿದರೆ ನಷ್ಟ ವೃದ್ಧರದು.

ಪೇಟೆಗೆ ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2023ರ ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ಸು ಉಚಿತ, ಅಜ್ಜನಿಗೆ ಟಿಕೆಟ್ ತಪ್ಪಿಲ್ಲ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಲ್ಲೇ ತಪಾಸಣೆ ಮಾಡಿ ಔಷಧ ಕೊಡುವ ಸರಿಯಾದ ದಾರಿ. ಮೂವತ್ತು ದಿನದ ಗುಳಿಗೆಯನ್ನು ಒಂದೇ ಸಲ, ಪೂರ್ತಿ ಪಟ್ಟಿಯಲ್ಲಿ, ಆಶಾ ಕಾರ್ಯಕರ್ತೆಯ ಮೂಲಕ ಪ್ರತಿ ತಿಂಗಳೂ ತಲುಪಿಸುವ ಹೊಣೆಯನ್ನು ಆರೋಗ್ಯ ಇಲಾಖೆ ಲಿಖಿತ ಆದೇಶದಲ್ಲಿ ವಹಿಸಿಕೊಳ್ಳಬೇಕು.