ನೀರು ಕಡಿಮೆಯಾದರೂ ಹೂ ಬಿಡುವ ತಂಗಡಿ: ಮನೆಯಲ್ಲಿ ಬೆಳೆಸುವುದು ಹೇಗೆ?

ಬಯಲುಸೀಮೆಯ ರಸ್ತೆ ಬದಿಯಲ್ಲಿ, ಹೊಲದ ಬದುಗಳಲ್ಲಿ ಯಾರೂ ನೀರೆರೆಯದಿದ್ದರೂ ಹಳದಿ ಹೂ ತುಂಬಿಕೊಳ್ಳುವ ಗಿಡ ತಂಗಡಿ. ಆವರಿಕೆ ಎಂದೂ ಕರೆಯುತ್ತಾರೆ. ತಮಿಳಿನಲ್ಲಿ ಆವಾರಂ, ತೆಲುಗಿನಲ್ಲಿ ತಂಗೇಡು. ಇದು ತೆಲಂಗಾಣದ ರಾಜ್ಯಪುಷ್ಪ. ಅಲ್ಲಿನ ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕಾದ ಹೂವು. ಟ್ಯಾನಿನ್ ಅಂಶವಿರುವ ಇದರ ತೊಗಟೆಯನ್ನು ಹಿಂದಿನಿಂದಲೂ ಚರ್ಮ ಹದ ಮಾಡಲು ಬಳಸುತ್ತಾರೆ. ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ.

ಬಿತ್ತನೆ: ಗಿಡದಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕಾಯಿಗಳಿಂದ ಬೀಜ ಬಿಡಿಸಿಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಹಾಗೆಯೇ ಬಿತ್ತಿದರೆ ಮೊಳಕೆ ತಡವಾಗುತ್ತದೆ. ಮರಳು ಕಾಗದಕ್ಕೆ ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಮಳೆ ಶುರುವಾಗುವ ಹೊತ್ತಿಗೆ ಸುಮಾರು 1 ಸೆಂ.ಮೀ. ಆಳಕ್ಕೆ ಬಿತ್ತಿ. ಬೇರು ಆಳಕ್ಕಿಳಿಯುವುದರಿಂದ ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ.

ಕುಂಡದಲ್ಲಿ: ಬಾಲ್ಕನಿಯಲ್ಲಾದರೆ ತಳದಲ್ಲಿ ತೂತಿರುವ ಆಳದ ಕುಂಡ ಆರಿಸಿ. ಕೆಂಪು ಮಣ್ಣಿಗೆ ಮರಳು, ಸ್ವಲ್ಪ ಗೊಬ್ಬರ ಬೆರೆಸಿ. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳಲಿ.

ಆರೈಕೆ: ಎಳೆ ಗಿಡಕ್ಕೆ ಮಾತ್ರ ಆಗಾಗ ನೀರು ಬೇಕು. ಬೇರೂರಿದ ಮೇಲೆ ಮಣ್ಣು ಪೂರ್ತಿ ಒಣಗಿದಾಗ ಕೊಟ್ಟರೆ ಸಾಕು. ದಿನವೂ ನೀರೆರೆದರೆ ಬೇರು ಕೊಳೆಯುತ್ತದೆ. ಹೂ ಮುಗಿದ ಮೇಲೆ ಕುಡಿ ಕತ್ತರಿಸಿದರೆ ಗಿಡ ಪೊದೆಯಾಗುತ್ತದೆ. ಎಲೆ ತಿನ್ನುವ ಹಸಿರು ಹುಳು ಕಂಡರೆ ಕೀಟನಾಶಕ ಸಿಂಪಡಿಸಬೇಡಿ; ಅದು ಮುಂದೆ ಚಿಟ್ಟೆಯಾಗಬಹುದು.

ಎಚ್ಚರಿಕೆ: ಸಕ್ಕರೆ ಕಾಯಿಲೆಗೆಂದು ಇದರ ಹೂವಿನ ಕಷಾಯ ಕುಡಿಯುವ ರೂಢಿ ಇದೆ. ವೈದ್ಯರನ್ನು ಕೇಳದೆ ಕುಡಿಯಬೇಡಿ. ಕಷಾಯ ನಂಬಿ ಮಾತ್ರೆ ನಿಲ್ಲಿಸಲೂಬೇಡಿ.